ಹೇಳಿಕೆಯೊಳಗೆ ಎಷ್ಟು ನೀರಿದೆ?

ಕೆಎಎಸ್, ಬ್ಯಾಂಕ್ ಪರೀಕ್ಷೆಗಳಿಗೆ ಓದುವವರಿಗೆ ನಾನು ತಾರ್ಕಿಕ ಸಾಮರ್ಥ್ಯ ಹೇಳಿಕೊಡುತ್ತೇನೆ. ‘ಹೇಳಿಕೆ ಮತ್ತು ತೀರ್ಮಾನ’ದ ಪಾಠಕ್ಕೆ ಗೈಡಿನ ಉದಾಹರಣೆ ಬಿಟ್ಟು, 2024ರ ಮಾರ್ಚ್‌ನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ: ‘ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ.’

ಇದರಿಂದ ಏನು ಗೊತ್ತಾಗುತ್ತದೆ?

‘ಅರ್ಧ ಬೆಂಗಳೂರಿಗೆ ನೀರಿಲ್ಲ ಸರ್.’ ಇಲ್ಲ, ಬತ್ತಿದ್ದು ಕೊಳವೆಬಾವಿಗಳಲ್ಲಿ ಅರ್ಧ, ಊರಿಗೆ ಕಾವೇರಿಯೂ ಬರುತ್ತದೆ. ‘ಉಳಿದವು ಚೆನ್ನಾಗಿವೆ.’ ಅದೂ ಅಲ್ಲ. ಅರ್ಧ ಇಂಚು ನೀರು ಬರುತ್ತಿದ್ದರೂ ಬಾವಿ ಬತ್ತಿಲ್ಲವೆಂದೇ ಲೆಕ್ಕ. ‘ಮಳೆಯಿಲ್ಲದೆ ಬತ್ತಿವೆ.’ ಜಗಳ ಶುರುವಾಗುವುದೇ ಇಲ್ಲಿ. 2023ರಲ್ಲಿ ಮುಂಗಾರು ಕೈಕೊಟ್ಟಿದ್ದು ನಿಜ. ಆದರೆ ಆ ಸಂಗತಿ ಈ ವಾಕ್ಯದಲ್ಲಿಲ್ಲ, ನಾವು ಹೊರಗಿನಿಂದ ತಂದು ಸೇರಿಸಿದ್ದು. ಕಾರಣ ಮಳೆಯೊಂದೇ ಎಂದು ಒಪ್ಪಿಬಿಟ್ಟರೆ ಮುಚ್ಚಿಹೋದ ಕೆರೆ, ಕಾಂಕ್ರೀಟಾದ ಅಂಗಳ, ಮಿತಿಯಿಲ್ಲದೆ ಕೊರೆದ ಬೋರ್‌ವೆಲ್ ಎಲ್ಲವೂ ವಿಚಾರಣೆಯಿಂದ ತಪ್ಪಿಸಿಕೊಳ್ಳುತ್ತವೆ. ಅದಕ್ಕೇ ಒಂದು ಅಂಕದ ಈ ಪ್ರಶ್ನೆಗೆ ಇಡೀ ತರಗತಿ ಹೋದರೂ ನನಗೆ ಬೇಸರವಿಲ್ಲ.

ಅದೇ ತಿಂಗಳು ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಲೆಕ್ಕ ಇನ್ನೊಂದು. ನಗರಕ್ಕೆ ದಿನಕ್ಕೆ 260 ಕೋಟಿ ಲೀಟರ್ ಬೇಕು. ಕಾವೇರಿಯಿಂದ 147 ಕೋಟಿ, ಕೊಳವೆಬಾವಿಗಳಿಂದ 65 ಕೋಟಿ ಬರುತ್ತದೆ. ಕೊರತೆ ಸುಮಾರು 50 ಕೋಟಿ. ಇಲ್ಲಿ ಒಂದು ಗಟ್ಟಿ ತೀರ್ಮಾನವಿದೆ: ಕಾವೇರಿ ಒಂದು ಹನಿ ಕಡಿಮೆಯಾಗದಿದ್ದರೂ 113 ಕೋಟಿ ಲೀಟರಿಗೆ ಬೇರೆ ದಾರಿ ಬೇಕು. ಆದರೆ ಪ್ರತಿ ಮನೆಗೂ ಐದು ಕೊಡದಲ್ಲಿ ಒಂದು ಖೋತಾ ಎನ್ನುವಂತಿಲ್ಲ. ಒಟ್ಟು ಕೊರತೆಯನ್ನು ನೋಡಿ ಅದು ಯಾರ ಪಾಲಿಗೆ ಎಷ್ಟು ಬಂತೆಂದು ಹೇಳಲಾಗದು. ಆ ಬೇಸಿಗೆಯಲ್ಲಿ ಕಾವೇರಿ ನಲ್ಲಿಯಿದ್ದ ಹಳೆಯ ಬಡಾವಣೆಗಳು ಹೇಗೋ ಸುಧಾರಿಸಿಕೊಂಡವು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆ ಜನ ಟ್ಯಾಂಕರ್ ಕಾಯುತ್ತಿದ್ದರು.

2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತ ಆ ಹಳ್ಳಿಗಳಿಗಾಗಿಯೇ ಬಂದದ್ದು, ದಿನಕ್ಕೆ 77.5 ಕೋಟಿ ಲೀಟರ್. ‘ಕೊರತೆ 50, ಬಂದದ್ದು 77.5. ಮುಗಿಯಿತಲ್ಲ ಸರ್?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ. ಆದರೆ 77.5 ಯೋಜನೆಯ ಸಾಮರ್ಥ್ಯ. ಎಷ್ಟು ಮನೆಗಳು ಸಂಪರ್ಕ ಪಡೆದಿವೆ, ಬೇಡಿಕೆ ಎಷ್ಟು ಬೆಳೆದಿದೆ, ಕೊಳವೆಬಾವಿಗಳ 65 ಕೋಟಿ ಹಾಗೇ ಉಳಿದಿದೆಯೇ ಎಂಬುದು ಆ ಸಂಖ್ಯೆಯಲ್ಲಿಲ್ಲ.

ಅವಳು ಅವನ್ನೆಲ್ಲ ಬರೆದುಕೊಂಡು, ‘ಯಾರನ್ನು ಕೇಳಬೇಕು?’ ಎಂದಳು. ಜಲಮಂಡಳಿಯನ್ನು, ಮಾಹಿತಿ ಹಕ್ಕಿನ ಅರ್ಜಿ ಹಾಕಿ ಎಂದೆ.