ಲಾಗಿನ್ ಆದ ಮೇಲೂ ಕಾವಲು ಬೇಕು



ವಿದ್ಯಾರ್ಥಿವೇತನದ ಅರ್ಜಿ ಹಾಕಲು ನಮ್ಮಲ್ಲಿ ಅನೇಕರು ಆನ್‌ಲೈನ್ ಸೆಂಟರ್‌ಗೆ ಹೋಗುತ್ತೇವೆ. ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಲ್ಲವನ್ನೂ ಅಲ್ಲಿ ತುಂಬುತ್ತೇವೆ. ಪಾಸ್‌ವರ್ಡ್ ಗುಟ್ಟಾಗಿದ್ದರೆ ಇವೆಲ್ಲ ಸುರಕ್ಷಿತ ಎಂದು ತಿಳಿಯುತ್ತೇವೆ. ಆದರೆ ಪಾಸ್‌ವರ್ಡ್ ಒಂದೇ ಸಾಲದು.

ಸೆಷನ್ ಎಂದರೇನು?

ವೆಬ್‌ಸೈಟಿನ ಸರ್ವರ್‌ಗೆ ತಾನಾಗಿ ನೆನಪಿರುವುದಿಲ್ಲ. ಆದ್ದರಿಂದ ನಾವು ಲಾಗಿನ್ ಆದ ಕೂಡಲೇ ಅದು ಒಂದು ಗುಪ್ತ ಸಂಖ್ಯೆ ಕೊಡುತ್ತದೆ. ಅದು ನಮ್ಮ ಬ್ರೌಸರ್‌ನ ಕುಕಿಯಲ್ಲಿ ಇರುತ್ತದೆ. ಇದು ಬ್ಯಾಂಕಿನ ಟೋಕನ್ ಇದ್ದಂತೆ. ಟೋಕನ್ ಯಾರ ಕೈಯಲ್ಲಿದೆಯೋ ಅವರೇ ಖಾತೆದಾರರು ಎಂದು ಸರ್ವರ್ ನಂಬುತ್ತದೆ. ಅದು ಕಳ್ಳನಿಗೆ ಸಿಕ್ಕರೆ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ.

ಸಾಮಾನ್ಯ ದೋಷಗಳು, ಪರಿಹಾರಗಳು

1. ಲಾಗಿನ್‌ಗೆ ಮೊದಲಿದ್ದ ಸಂಖ್ಯೆಯೇ ನಂತರವೂ ಮುಂದುವರಿಯುವುದು. ಲಾಗಿನ್ ಆದಾಗ ಹೊಸ ಸಂಖ್ಯೆ ಕೊಡಬೇಕು.

2. ಲಾಗೌಟ್ ಒತ್ತಿದರೂ ಸರ್ವರ್‌ನಲ್ಲಿ ಸೆಷನ್ ಉಳಿಯುವುದು. ಸರ್ವರ್‌ನಲ್ಲೇ ಅದನ್ನು ಅಳಿಸಬೇಕು. ಸ್ವಲ್ಪ ಹೊತ್ತು ಬಳಸದಿದ್ದರೆ ತಾನಾಗಿ ಮುಗಿಯಬೇಕು.

3. ವಿಳಾಸದಲ್ಲಿನ ಅರ್ಜಿ ಸಂಖ್ಯೆ ಬದಲಿಸಿದರೆ ಬೇರೆಯವರ ಅರ್ಜಿ ತೆರೆಯುವುದು. ಬ್ಯಾಂಕು ಮೊದಲ ಚೆಕ್‌ನ ಸಹಿ ಮಾತ್ರ ನೋಡಿ ಸುಮ್ಮನಿರುವುದಿಲ್ಲ, ಪ್ರತಿ ಚೆಕ್‌ನ ಸಹಿಯನ್ನೂ ಹೋಲಿಸುತ್ತದೆ. ಹಾಗೆಯೇ ಪ್ರತಿ ಕೋರಿಕೆಗೂ 'ಇದು ಇವರದೇ?' ಎಂದು ಸರ್ವರ್ ಪರೀಕ್ಷಿಸಬೇಕು.

4. ಎಷ್ಟು ಬಾರಿ ಬೇಕಾದರೂ ಪ್ರಯತ್ನಿಸಲು ಬಿಡುವುದು. ಇದಕ್ಕೆ ಮಿತಿ ಬೇಕು.

ಕಾವೇರಿ ಕಲಿಸಿದ ಪಾಠ

ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶವನ್ನು ಮೊದಲು ಪ್ರಯೋಗಿಸಿದ ಕಚೇರಿಗಳಲ್ಲಿ ನಮ್ಮ ನೆರೆಯ ಚಿಂಚೋಳಿಯೂ ಒಂದು. 2024ರ ಡಿಸೆಂಬರ್‌ನಲ್ಲಿ ದುಷ್ಕರ್ಮಿಗಳು ಅದರಲ್ಲಿ ನಕಲಿ ಖಾತೆಗಳನ್ನು ತೆರೆದರು. 2025ರ ಜನವರಿಯಲ್ಲಿ 62 ಖಾತೆಗಳಿಂದ ಎರಡೇ ಗಂಟೆಯಲ್ಲಿ ಸುಮಾರು 6.2 ಲಕ್ಷ ಕೋರಿಕೆಗಳು ಬಂದು ಬಿದ್ದವು. ರಾಜ್ಯದಾದ್ಯಂತ ನೋಂದಣಿ ಕೆಲಸ ಕುಂಠಿತವಾಯಿತು. ಇಲ್ಲಿ ಯಾರ ಪಾಸ್‌ವರ್ಡನ್ನೂ ಕದಿಯಬೇಕಾಗಿರಲಿಲ್ಲ. ಖಾತೆ ಇದ್ದವರೆಲ್ಲ ಒಳ್ಳೆಯವರೆಂದು ನಂಬಬಾರದು, ಒಳಗೆ ಬಂದವರು ಎಷ್ಟು ಕೇಳುತ್ತಾರೆ ಎಂಬುದಕ್ಕೂ ಮಿತಿ ಇರಬೇಕು ಎಂಬುದೇ ಇದರ ಪಾಠ.

ನಾವು ಮಾಡಬೇಕಾದದ್ದು

ಸೆಂಟರ್‌ನಿಂದ ಏಳುವ ಮೊದಲು ಲಾಗೌಟ್ ಮಾಡಿ. ಕಿಟಕಿ ಮುಚ್ಚಿದರೆ ಸಾಲದು. 'ಪಾಸ್‌ವರ್ಡ್ ಉಳಿಸಲೇ?' ಎಂದು ಕೇಳಿದರೆ ಬೇಡ ಎನ್ನಿ. ಓಟಿಪಿಯನ್ನು ನೀವೇ ಟೈಪ್ ಮಾಡಿ. ಮೊಬೈಲ್ ಅಬ್ಬಾ ಬಳಿ ಇದ್ದರೆ, ಫೋನಿನಲ್ಲಿ ಬೇರೆ ಯಾರು ಕೇಳಿದರೂ ಹೇಳಬಾರದೆಂದು ಅವರಿಗೆ ಮೊದಲೇ ತಿಳಿಸಿ.

ಕಚೇರಿ ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ತಡೆಹಿಡಿಯುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ನಾವು ತುಂಬಿದ ಮಾಹಿತಿ ವೆಬ್‌ಸೈಟ್ ನಡೆಸುವವರ ಬಳಿ ಇರುವ ಅಮಾನತ್. ನಮ್ಮಲ್ಲಿ ಯಾರಾದರೂ ಮುಂದೆ ವೆಬ್‌ಸೈಟ್ ಕಟ್ಟಿದರೆ ಇದನ್ನು ನೆನಪಿಡಲಿ.