ಅಂಗಡಿಯ ಸರ್ವರ್ ದೂರದಿಂದ ಬಳಸುವವರೇ, 3389ರ ಬಾಗಿಲು ಮುಚ್ಚಿದ್ದೀರಾ?

ಉಮರ್ಗಾ ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಊರು. ನಿಲಂಗಾ ಮತ್ತು ಉದ್ಗೀರ್ ಲಾತೂರ್ ಜಿಲ್ಲೆಯವು, ಬೀದರ್ ಗಡಿಗೆ ಹತ್ತಿರ. ಈ ಮೂರೂ ಕಡೆ ಅಂಗಡಿ ಇರುವ ವ್ಯಾಪಾರಿಗೆ ಮೂರು ಟ್ಯಾಲಿ, ಮೂರು ಲೆಕ್ಕ ಬೇಕಿಲ್ಲ. ಉಮರ್ಗಾದಲ್ಲಿ ಒಂದು ಸರ್ವರ್ ಇಟ್ಟರೆ ಉಳಿದೆರಡು ಕಡೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರಲ್ಲೇ ಬಿಲ್ ಹಾಕಬಹುದು. ಕೆಲಸವೆಲ್ಲ ನಡೆಯುವುದು ಸರ್ವರ್‌ನಲ್ಲಿ. ಅಂಗಡಿಗೆ ಬರುವುದು ಪರದೆಯ ಚಿತ್ರ ಅಷ್ಟೇ. ಹಾಗಾಗಿ ಸಾಧಾರಣ ಇಂಟರ್ನೆಟ್ ಸಾಕಾಗುತ್ತದೆ.

ಎಡವಟ್ಟು ಆಗುವುದು ಬಾಗಿಲಿನಲ್ಲಿ. ರಿಮೋಟ್ ಡೆಸ್ಕ್‌ಟಾಪ್ ಬಳಸುವ ಪೋರ್ಟ್ ಸಂಖ್ಯೆ 3389. ಸುಲಭವಾಗಲಿ ಎಂದು ಕೆಲವರು ರೂಟರ್‌ನಲ್ಲಿ ಇದನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುತ್ತಾರೆ. ಇಂಥ ಬಾಗಿಲು ಹುಡುಕಿ, ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಒಳ ಬಂದವರು ಫೈಲ್‌ಗಳಿಗೆಲ್ಲ ಬೀಗ ಹಾಕಿ ಹಣ ಕೇಳುತ್ತಾರೆ. ಇದೇ ರ್‍ಯಾನ್ಸಮ್‌ವೇರ್. 2019ರ ಮೇ ತಿಂಗಳಲ್ಲಿ ಬಯಲಾದ 'ಬ್ಲೂಕೀಪ್' ಎಂಬ ದೋಷಕ್ಕೆ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಅಪ್‌ಡೇಟ್ ಕೊಡಬೇಕಾಯಿತು.

ಪರಿಹಾರ ಕಷ್ಟದ್ದಲ್ಲ. 3389 ಮುಚ್ಚಿ, ವಿಪಿಎನ್ ಮೂಲಕ ಮಾತ್ರ ಒಳ ಬರುವಂತೆ ಮಾಡಬೇಕು. ಪ್ರತಿ ನೌಕರನಿಗೂ ಬೇರೆ ಹೆಸರು, ಉದ್ದದ ಪಾಸ್‌ವರ್ಡ್ ಕೊಡಬೇಕು. ನಾಲ್ಕೈದು ಸಲ ತಪ್ಪು ಹಾಕಿದರೆ ಖಾತೆ ಲಾಕ್ ಆಗಬೇಕು.

ಕನೆಕ್ಟ್ ಆಗದಿದ್ದರೆ ಒಂದೊಂದಾಗಿ ನೋಡಿ. ಸರ್ವರ್ ಆನ್ ಇದೆಯೇ, ಸ್ಲೀಪ್‌ಗೆ ಹೋಗಿದೆಯೇ? ಐಪಿ ವಿಳಾಸ ಬದಲಾಗಿದೆಯೇ? ಅಂಗಡಿಯೊಳಗೆ ಸಿಕ್ಕಿ ಹೊರಗಿನಿಂದ ಸಿಗದಿದ್ದರೆ ತೊಂದರೆ ಹೆಚ್ಚಾಗಿ ರೂಟರ್ ಅಥವಾ ವಿಪಿಎನ್‌ನದ್ದು. ಎಲ್ಲರಿಗೂ ಸಿಕ್ಕಿ ಒಬ್ಬರಿಗೆ ಮಾತ್ರ ಸಿಗದಿದ್ದರೆ ಅವರ ಪಾಸ್‌ವರ್ಡ್, ಅನುಮತಿ ನೋಡಿ.

ಲೈಸೆನ್ಸ್ ಮರೆಯಬೇಡಿ. ವಿಂಡೋಸ್ ಹೋಮ್‌ಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ ಸಿಗುವುದಿಲ್ಲ. ಪ್ರೊನಲ್ಲಿ ಒಂದು ಹೊತ್ತಿಗೆ ಒಬ್ಬರೇ. ಹೆಚ್ಚು ಜನರಿಗೆ ವಿಂಡೋಸ್ ಸರ್ವರ್ ಹಾಗೂ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಬೇಕು. ಲೈಸೆನ್ಸ್ ಹಾಕದೆಯೂ 120 ದಿನ ನಡೆಯುತ್ತದೆ, ಆಮೇಲೆ ಸರ್ವರ್ ಜನರನ್ನು ಒಳ ಬಿಡುವುದಿಲ್ಲ. ನಾಲ್ಕು ತಿಂಗಳು ಸರಿಯಿದ್ದು ದಿಢೀರ್ ನಿಂತರೆ ಕಾರಣ ಇದೇ ಇರಬಹುದು. ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿದರೆ ಸಾಲದು, ಸೈನ್ ಔಟ್ ಮಾಡಬೇಕು. ಇಲ್ಲದಿದ್ದರೆ ತೆರೆದಿಟ್ಟ ಟ್ಯಾಲಿ ಒಳಗೆ ಹಾಗೇ ಓಡುತ್ತಾ ಸರ್ವರ್ ನಿಧಾನವಾಗುತ್ತದೆ.

ಕೊನೆಯದು ಬ್ಯಾಕಪ್. ದಿನಾ ಒಂದು ಪ್ರತಿ ತೆಗೆದು, ಡಿಸ್ಕ್ ಅನ್ನು ಸರ್ವರ್‌ನಿಂದ ಬಿಚ್ಚಿಡಬೇಕು. ದಾಳಿಯಾದರೆ ಮೊದಲು ನೆಟ್‌ವರ್ಕ್ ಕೇಬಲ್ ತೆಗೆಯಿರಿ, 1930ಕ್ಕೆ ಕರೆ ಮಾಡಿ.

ಸಾಲದ ವ್ಯವಹಾರ ಬರೆದಿಡಬೇಕೆಂದು ಸೂರಃ ಅಲ್ ಬಕರದ 282ನೇ ಆಯತ್ ತಾಕೀತು ಮಾಡುತ್ತದೆ. ಉದ್ರಿ ಪುಸ್ತಕ ಈಗ ಸರ್ವರ್‌ನಲ್ಲಿದೆ. ಅದು ಗಿರಾಕಿಗಳ ಅಮಾನತ್ ಕೂಡ. ಅದರ ಬಾಗಿಲು ಕಾಯುವುದು ಅಂಗಡಿಯವರದ್ದೇ ಹೊಣೆ.