ನಮ್ಮೂರಿನ ‘ಗಿಡ’ ಎಷ್ಟು ಎತ್ತರ?

ಬೆಂಗಳೂರಿನ ಆಫೀಸಿನಲ್ಲಿ ಕೂತಿದ್ದೀರಿ. ಊರಿಂದ ಅವ್ವನ ಫೋನು: “ಮನಿ ಮುಂದಿನ ಬೇವಿನ ಗಿಡ ಗಾಳಿಗೆ ಬಿತ್ತು ನೋಡಪಾ.” ನಿಮ್ಮ ಮುಖ ಸಪ್ಪಗಾಗಿದ್ದನ್ನು ಕಂಡು ಪಕ್ಕದ ಸೀಟಿನ ಮೈಸೂರಿನ ಗೆಳೆಯ ವಿಚಾರಿಸುತ್ತಾನೆ. ಹೇಳಿದರೆ, “ಗಿಡ ತಾನೇ? ಇನ್ನೊಂದು ನೆಟ್ಟರಾಯ್ತು ಬಿಡು” ಅಂತಾನೆ. ಬಿದ್ದದ್ದು ಅಜ್ಜನ ಕಾಲದ ಮರ, ಅದರ ನೆರಳಲ್ಲೇ ನೀವು ಬೆಳೆದದ್ದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ‘ಗಿಡ’ಕ್ಕೆ ಎತ್ತರದ ಲೆಕ್ಕವಿಲ್ಲ. ಮೆಣಸಿನಕಾಯಿಯದೂ ಗಿಡ, ಹುಣಸೆಯದೂ ಗಿಡ. ದಸರೆಗೆ ಮುಡಿಯುವುದು ಬನ್ನಿಗಿಡದ ಎಲೆ. ನೆರೆಯ ತೆಲುಗಿನ ‘ಚೆಟ್ಟು’ ಕೂಡ ಹೀಗೇ, ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಮಾತು.

ಹಾಗಾದರೆ ‘ಮರ’? ಈ ಸೀಮೆಯ ಎಷ್ಟೋ ಮನೆಗಳಲ್ಲಿ “ಮರ ತಗೊಂಡು ಬಾ” ಅಂದರೆ ಬರುವುದು ಜೋಳ ಕೇರುವ ಮೊರ! ಮೂಲದಲ್ಲಿ ಇವೆರಡೂ ಬೇರೆ ಬೇರೆ ಪದಗಳು. ಹಳಗನ್ನಡದಲ್ಲಿ ಮೊರಕ್ಕೆ ‘ಮೊಱ’ ಎಂದು ಶಕಟರೇಫವಿತ್ತು, ವೃಕ್ಷದ ‘ಮರ’ಕ್ಕೆ ಸಾಮಾನ್ಯ ರಕಾರ. ತಮಿಳಿನಲ್ಲಿ ಈ ವ್ಯತ್ಯಾಸ ಇವತ್ತಿಗೂ ಉಳಿದಿದೆ. ನಮ್ಮಲ್ಲಿ ಱ ಅಳಿದುಹೋಯಿತು, ಆಡುಮಾತಿನಲ್ಲಿ ಮೊರ ‘ಮರ’ವಾಯಿತು.

ಶಾಲೆಯಲ್ಲಿ ಮಾತ್ರ “ಹುಣಸೆ ಗಿಡ” ಅಂತ ಬರೆದರೆ ಕೆಂಪು ಶಾಯಿ. ದೊಡ್ಡದು ಮರ, ಚಿಕ್ಕದು ಗಿಡ, ಒಟ್ಟಾರೆ ಸಸ್ಯ ಅನ್ನೋದು ಪುಸ್ತಕದ ಪಾಠ. ಆದರೆ ಆ ‘ಸಸ್ಯ’ವಾದರೂ ಮೊದಲಿನಿಂದ ಹಾಗೇ ಇತ್ತೇ? ಸಂಸ್ಕೃತದಲ್ಲಿ ಅದಕ್ಕೆ ಹೊಲದ ಪೈರು, ಧಾನ್ಯ ಎಂಬ ಅರ್ಥ. ಕನ್ನಡಕ್ಕೆ ಬಂದು ‘ಸಸಿ’ ಅಂತಾದಾಗ ನಾಟಿ ಮಾಡುವ ಎಳೆಯದಾಯಿತು. ಈಗ ‘ಸಸ್ಯಶಾಸ್ತ್ರ’ದಲ್ಲಿ ಆಲದ ಮರವನ್ನೂ ಒಳಗೊಂಡಿದೆ. ಪುಸ್ತಕದ ಪದ ಅರ್ಥ ಹಿಗ್ಗಿಸಿಕೊಂಡರೆ ಬೆಳವಣಿಗೆ, ಅವ್ವನ ಪದ ಹಿಗ್ಗಿಸಿಕೊಂಡರೆ ತಪ್ಪು. ಇದ್ಯಾವ ನ್ಯಾಯ?

‘ಗಿಡ’ಕ್ಕೆ ಇನ್ನೊಂದು ಗುಣವಿದೆ. ‘ಮರ’ ಅಂದರೆ ನಿಂತ ವೃಕ್ಷವೂ ಹೌದು, ಕಡಿದ ದಿಮ್ಮಿಯೂ ಹೌದು. ಮರಗೆಲಸ, ಮರದ ಬಾಗಿಲು, ಮರದ ಕುರ್ಚಿ ಅಂತೀವಿ. ಆದರೆ ‘ಗಿಡದ ಕುರ್ಚಿ’ ಅಂತ ಯಾರೂ ಅನ್ನಲ್ಲ. ಗಿಡಕ್ಕೆ ಬೇರು ಇರಬೇಕು, ಜೀವ ಇರಬೇಕು. ಮಳೆ ಕಡಿಮೆಯ ಈ ಸೀಮೆಯಲ್ಲಿ ಬದುಕಿ ನಿಂತದ್ದಕ್ಕೆಲ್ಲ, ಚಿಕ್ಕದಿರಲಿ ದೊಡ್ಡದಿರಲಿ, ಒಂದೇ ಹೆಸರು.

ಅದಕ್ಕೇ ಸಿಟಿಯಲ್ಲಿ ‘ಗಿಡ’ ಅಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳಬೇಡಿ. ನಿಮ್ಮ ಗೆಳೆಯನ ಊರಿನವರು “ಗಿಡ ಬಿತ್ತು” ಅಂದರೆ, ಸಮಾಧಾನ ಹೇಳುವ ಮುಂಚೆ ಒಂದು ಮಾತು ಕೇಳಿ: “ಎಷ್ಟು ವರ್ಷದ್ದು?”

ನಿಮ್ಮ ಕಡೆ ಆಲ, ಬೇವು, ಹುಣಸೆಗೆ ಗಿಡ ಅಂತಾರೋ, ಮರ ಅಂತಾರೋ? ಬರೆದು ತಿಳಿಸಿ.